ತಾರೀಖಿನ ಇಟ್ಟಿಗೆ

ಶಾಲೆಯ ಅಡಿಗೆಮನೆಯ ಗೋಡೆ ಕುಸಿದದ್ದು ಭಾನುವಾರ ಮಧ್ಯಾಹ್ನ. ಸೋಮವಾರ ಬೆಳಗ್ಗೆ ಹತ್ತು ಗಂಟೆಗೆಲ್ಲ ಅದರ ಗೂಬೆಯನ್ನು ತಂದು ನೀರಮ್ಮನ ತಲೆಯ ಮೇಲೆ ಕೂರಿಸಿಯಾಗಿತ್ತು. ಆ ಊರಿನಲ್ಲಿ ಬೇರೆ ಯಾವ ಕೆಲಸವೂ ಇಷ್ಟು ಚುರುಕಾಗಿ ಆದದ್ದಿಲ್ಲ. ಬಿದ್ದ ಗೋಡೆಯ ಧೂಳನ್ನು ಇನ್ನೂ ಯಾರೂ ಗುಡಿಸಿರಲಿಲ್ಲ.

ನೀರಮ್ಮ ಎಂಬುದು ಅವಳಿಗೆ ಹೆತ್ತವರು ಇಟ್ಟ ಹೆಸರಲ್ಲ. ಬೂದಿ ಇಟ್ಟಿಗೆ ಕಾರ್ಖಾನೆಯ ಅಂಗಳದಲ್ಲಿ ಎಂಟು ವರ್ಷದಿಂದ ಇಟ್ಟಿಗೆಗೆ ನೀರು ಹಾಕುತ್ತಿದ್ದವಳನ್ನು ಜೊತೆಯವರು ಹಾಗೆ ಕರೆದರು, ಅದು ಮನೆಯವರೆಗೂ ಬಂತು. ಅವಳ ಗಂಡ ಅದೇ ಅಂಗಳಕ್ಕೆ ಸೂಪರ್‌ವೈಸರ್. ಮಾವ ಗಾರೆ ಕೆಲಸದ ಮೇಸ್ತ್ರಿ, ಮಂಡಿ ಕೈಕೊಟ್ಟ ಮೇಲೆ ಮನೆಯಲ್ಲಿ ಕೂತವನು. ಇನ್ನು ಅತ್ತೆ, ಮತ್ತೆ ಹನ್ನೆರಡು ವರ್ಷದ ಮಗಳು. ಬಾಯಿ ತೆಗೆದರೆ ಸಿಡಿಯುತ್ತಿದ್ದಳಾದ್ದರಿಂದ ಆ ಹುಡುಗಿಗೆ ಪಟಾಕಿ ಎಂದೇ ಹೆಸರು. ಎರಡು ಕೋಣೆ, ಒಂದು ಅಡಿಗೆಯ ಮೂಲೆ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು. ಇಷ್ಟರಲ್ಲಿ ಐದು ಜನ.

ಊರಾಚೆ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರವಿತ್ತು. ಸುಟ್ಟು ಉಳಿದ ಬೂದಿಯನ್ನು ಮೂವತ್ತು ವರ್ಷ ನೀರಿನಲ್ಲಿ ಕಲಸಿ ಒಂದು ದೊಡ್ಡ ಹೊಂಡಕ್ಕೆ ಬಿಟ್ಟಿದ್ದರು. ಬೇಸಿಗೆಯಲ್ಲಿ ಹೊಂಡ ಒಣಗುತ್ತಿತ್ತು. ಗಾಳಿ ಎದ್ದರೆ ಬೂದಿ ಹಾರಿ ಬಂದು ಒಣಹಾಕಿದ ಬಟ್ಟೆಯ ಮೇಲೆ, ಕುಡಿಯುವ ನೀರಿನ ಮೇಲೆ, ತಟ್ಟೆಯ ಅನ್ನದ ಮೇಲೆ ಕೂರುತ್ತಿತ್ತು. ನೀರಮ್ಮನ ತಾಯಿ ಕೆಮ್ಮಿ ಕೆಮ್ಮಿಯೇ ಸತ್ತಳು. ಆಮೇಲೆ ಈ ಕಾರ್ಖಾನೆ ಬಂತು. ಬೂದಿಗೆ ಸುಣ್ಣ, ಜಿಪ್ಸಂ, ಕಲ್ಲುಪುಡಿ ಸೇರಿಸಿ ಯಂತ್ರದಲ್ಲಿ ಒತ್ತಿದರೆ ಇಟ್ಟಿಗೆ. ಗೂಡು ಬೇಡ, ಸೌದೆ ಬೇಡ, ಹೊಲದ ಮಣ್ಣು ಕೆರೆಯಬೇಕಿಲ್ಲ. ಕೆಲಸಕ್ಕೆ ಸೇರಿದ ವಾರ ನೀರಮ್ಮ ಒಂದು ಇಟ್ಟಿಗೆಯನ್ನು ಮನೆಗೆ ತಂದು ಮಾವನ ಮುಂದಿಟ್ಟಿದ್ದಳು.

"ನೋಡಿ ಮಾವ, ನಮ್ಮಮ್ಮನ ಎದೆ ತಿಂದ ಬೂದಿ ಇದು. ಇನ್ಮೇಲೆ ಹಾರಾಡೋ ಹಾಗಿಲ್ಲ."

"ಇದು ಇಟ್ಟಿಗೆ ಏನಮ್ಮ? ಬೂದಿಗಡ್ಡೆ," ಅಂದಿದ್ದ ಮೇಸ್ತ್ರಿ. ಆದರೂ ಅದನ್ನು ಬಕೆಟ್ಟಿನಲ್ಲಿಟ್ಟು, ಮಂಚದ ಕೆಳಗೆ ಬೆಕ್ಕಿನ ಮರಿ ಸಾಕಿದ ಹಾಗೆ ಒಂದು ತಿಂಗಳು ನೀರು ಚಿಮುಕಿಸಿ ಸಾಕಿದ. ಆಮೇಲೆ ಮಗನನ್ನು ಮಾಡಿನ ಮೇಲೆ ಹತ್ತಿಸಿ, ಅದನ್ನು ಒಗೆಯುವ ಕಲ್ಲಿನ ಮೇಲೆ ಎಸೆಯಿಸಿದ. ಇಟ್ಟಿಗೆಯ ಒಂದು ಮೂಲೆ ಹಾರಿತು, ಒಡೆಯಲಿಲ್ಲ. ಮುದುಕ ಬಹಳ ಹೊತ್ತು ಅದನ್ನು ತಿರುಗಿಸಿ ನೋಡಿ, "ಸುಟ್ಟ ಇಟ್ಟಿಗೇನ ಬೆಂಕಿ ಗಟ್ಟಿ ಮಾಡುತ್ತೆ, ಇದನ್ನ ನೀರು ಗಟ್ಟಿ ಮಾಡುತ್ತೆ. ಅಂದ್ರೆ ಅಲ್ಲಿ ಗೂಡು ನೀನೇ ಕಣಮ್ಮ," ಅಂದ. ಆ ಮಾತು ನೀರಮ್ಮನಿಗೆ ಸಂಬಳಕ್ಕಿಂತ ಹೆಚ್ಚಿನದಾಗಿತ್ತು.

ಮುದುಕ ಹೇಳಿದ್ದು ನಿಜವೇ. ಯಂತ್ರದಿಂದ ಬಂದ ಹಸಿ ಇಟ್ಟಿಗೆ ಎರಡು ದಿನ ಟಾರ್ಪಾಲಿನ ಕೆಳಗೆ ಆರಬೇಕು. ಆಮೇಲೆ ರಾಶಿ ಮಾಡಿ ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ ನೀರು. ಸುಣ್ಣ ಬೂದಿಯನ್ನು ಹಿಡಿದುಕೊಳ್ಳುವುದು ನಿಧಾನ, ಅದನ್ನು ಅವಸರ ಮಾಡಿಸಲು ಯಾರಿಂದಲೂ ಆಗದು. ಯಾವ ರಾಶಿಗೆ ಎಷ್ಟು ದಿನವಾಯಿತೆಂದು ತಿಳಿಯಲು ಪ್ರತಿ ರಾಶಿಗೆ ಒಂದು ತಾರೀಖಿನ ಇಟ್ಟಿಗೆ ಇರುತ್ತಿತ್ತು. ಒತ್ತಿದ ದಿನವೇ, ಇನ್ನೂ ಮೆತ್ತಗಿರುವಾಗ, ಸೂಪರ್‌ವೈಸರ್ ಒಂದರ ಮೇಲೆ ಮೊಳೆಯಿಂದ ತಾರೀಖು ಗೀರಿ ಅದನ್ನು ರಾಶಿಯ ಮುಂದಿನ ಮೂಲೆಗೆ ಇಡುತ್ತಿದ್ದ. ಸೀಮೆಸುಣ್ಣದಲ್ಲಿ ಬರೆದರೆ ನೀರಮ್ಮನ ಪೈಪು ಒಂದೇ ದಿನದಲ್ಲಿ ಅಳಿಸಿಬಿಡುತ್ತದೆ. ಕೊಳ್ಳಲು ಬಂದವರು ತಾರೀಖು ಓದಿ, ಅದೇ ಇಟ್ಟಿಗೆಯನ್ನು ಸೊಂಟದ ಎತ್ತರದಿಂದ ಬೀಳಿಸಿ, ಒಡೆಯದಿದ್ದರೆ ಇಡೀ ರಾಶಿಗೆ ಒಪ್ಪಿಗೆ ಕೊಡುತ್ತಿದ್ದರು. ರಾಶಿಯ ಒಳಗೆ ಕೈ ಹಾಕಿ ಇನ್ನೊಂದನ್ನು ಎಳೆದು ನೋಡುವ ಬುದ್ಧಿ ಇಷ್ಟು ವರ್ಷದಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ಶಾಲೆಗೆ ರಜಾ ಇದ್ದ ತಿಂಗಳಲ್ಲಿ ಇದೇ ಕಾರ್ಖಾನೆಯ ಇಟ್ಟಿಗೆಯಲ್ಲಿ ಹೊಸ ಅಡಿಗೆಮನೆ ಎದ್ದಿತ್ತು. ಗೋಡೆಯ ಮೇಲೆ ನೀರಿನ ಟ್ಯಾಂಕ್. ಶಾಲೆ ತೆರೆಯುವ ಹಿಂದಿನ ದಿನ ಟ್ಯಾಂಕನ್ನು ಮೊದಲ ಸಲ ತುಂಬಿಸಿದರು. ಅಡಿಗೆಯಕ್ಕ ಒಬ್ಬಳೇ ಒಳಗೆ ದೊಡ್ಡ ಪಾತ್ರೆಗಳನ್ನು ತಿಕ್ಕುತ್ತಿದ್ದಳು. ಗೋಡೆಯ ಬುಡದ ಸಾಲು ಹಿಟ್ಟಾಗಿ ಕೂತಿತು, ಮೇಲಿನದು ಅವಳ ಬಲಗಾಲಿನ ಮೇಲೆ ಬಂತು. ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಮರುದಿನ ಅದೇ ಹೊತ್ತಿಗೆ ಅಲ್ಲಿ ಎಂಬತ್ತು ಮಕ್ಕಳು ತಟ್ಟೆ ಹಿಡಿದು ಕೂತಿರುತ್ತಿದ್ದರು.

ಸೋಮವಾರ ಕಾರ್ಖಾನೆಯ ಮಾಲೀಕ ಕಾರಿನಿಂದ ಇಳಿದವನೇ ಅಂಗಳದಲ್ಲಿ ಎಲ್ಲರೆದುರು ಕೂಗಿದ.

"ಪೈಪ್ ಹಿಡ್ಕೊಂಡು ಕನಸು ಕಾಣ್ತಾ ನಿಂತಿರ್ತೀಯಾ? ನಿನ್ನ ಸೋಮಾರಿತನಕ್ಕೆ ಒಬ್ಬಳ ಕಾಲು ಹೋಯ್ತು!"

ನೀರಮ್ಮ ಗಂಡನ ಮುಖ ನೋಡಿದಳು. ಅವನು ಕಲ್ಲುಪುಡಿಯ ಗುಡ್ಡೆಯಲ್ಲಿ ಏನೋ ಕಳೆದುಕೊಂಡವನ ಹಾಗೆ ಕೆಳಗೇ ನೋಡುತ್ತಿದ್ದ.

ಮಧ್ಯಾಹ್ನ ಊಟಕ್ಕೆ ಇಬ್ಬರೂ ಮನೆಗೆ ಬಂದರು, ಹತ್ತು ಹೆಜ್ಜೆ ಅಂತರದಲ್ಲಿ. ಅತ್ತೆ ಅನ್ನ, ಆಲೂಗಡ್ಡೆ ಪಲ್ಯ ಬಡಿಸಿದಳು.

"ಅಷ್ಟು ಜನರ ಮುಂದೆ ಬೈದ್ರಲ್ಲ, ನೀವು ಯಾಕ್ರೀ ಒಂದು ಮಾತು ಆಡ್ಲಿಲ್ಲ?"

"ಮಾಲೀಕರ ಎದುರು ಏನು ಮಾತಾಡ್ಲಿ?"

"ಇವಳು ನೀರು ಹಾಕ್ತಾಳೆ, ನಾನು ದಿನಾ ನೋಡ್ತೀನಿ ಅಂತ. ನೋಡ್ತೀರೋ ಇಲ್ವೋ?"

"ನೋಡ್ತೀನಿ ಕಣೇ. ಸ್ವಲ್ಪ ದಿನ ಸುಮ್ನಿರು, ತಣ್ಣಗಾಗುತ್ತೆ."

"ಯಾರಿಗೆ ತಣ್ಣಗಾಗೋದು? ನಂಗಂತೂ ಮೈಯೆಲ್ಲ ಉರೀತಿದೆ."

"ಉಣ್ಣೋ ಹೊತ್ತಲ್ಲಿ ಬೇಡ," ಅಂದಳು ಅತ್ತೆ. ಆ ಮನೆಯಲ್ಲಿ ಜಗಳ ಯಾವ ಹೊತ್ತಿಗೆ ಆಡಬಹುದೆಂದು ಅವಳು ಎಂದೂ ಹೇಳಿದವಳಲ್ಲ.

ಅತ್ತೆಗೆ ಇನ್ನೊಂದು ಸಂಕಟವಿತ್ತು. ಅಡಿಗೆಯಕ್ಕ ಅವಳಿಗೆ ಮೂವತ್ತು ವರ್ಷದ ಗೆಳತಿ, ಒಂದೇ ಬೀದಿ ನಲ್ಲಿಯಲ್ಲಿ ಸರದಿ ನಿಂತು ನೀರು ಹಿಡಿದವರು. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅತ್ತೆ ದಿನಾ ಬೆಳಗ್ಗೆ ಗಂಜಿ, ಬೇಯಿಸಿದ ಮೊಟ್ಟೆ ಒಯ್ಯತೊಡಗಿದಳು. ಮೊದಲ ದಿನವೇ ಅಡಿಗೆಯಕ್ಕ ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟು ಕೇಳಿದಳು.

"ಯಾರು ಮಾಡಿದ್ದು ಇದು?"

"ನಾನೇ ಕಣೇ."

"ನಿನ್ನ ಸೊಸೆ ಕೈ ಹಾಕಿದ್ರೆ ವಾಪಸ್ ತಗೊಂಡು ಹೋಗು. ಅವಳ ಕೈಗೆ ಹುಳ ಬೀಳ."

ಗಂಜಿ ಮಾಡಿದ್ದು ನೀರಮ್ಮನೇ. ಅತ್ತೆ ಬಾಯಿ ಮುಚ್ಚಿಕೊಂಡು ಕುಡಿಸಿ ಬಂದಳು. ಮನೆಗೆ ಬಂದು ಪಾತ್ರೆ ತೊಳೆಯುವಾಗ ಆ ಮಾತನ್ನು ಒಂದಕ್ಷರ ಬಿಡದೆ ಸೊಸೆಗೆ ಒಪ್ಪಿಸಿದಳು.

"ನೀವೇನಂದ್ರಿ ಅತ್ತೆ?"

"ಏನನ್ಲಿ? ನೋವಲ್ಲಿರೋಳ ಜೊತೆ ವಾದ ಮಾಡ್ಲಾ?"

"ನೀರು ಹಾಕಿದಾಳೆ ಅಂತ ಒಂದು ಮಾತು ಹೇಳಕ್ಕೆ ವಾದ ಯಾಕೆ ಬೇಕು?"

ಸತ್ಯ ಹೇಳಬೇಕೆಂದರೆ ಸೊಸೆ ಎಲ್ಲೋ ಒಂದೆರಡು ದಿನ ತಪ್ಪಿಸಿರಬಹುದೆಂದು ಅತ್ತೆಗೂ ಒಳಗೊಳಗೇ ಅನುಮಾನ ಹೊಕ್ಕಿತ್ತು. ಊರೆಲ್ಲ ಹೇಳುತ್ತಿದ್ದುದು ಅದನ್ನೇ. ಅಂಗಡಿಯವನು ಬೇಳೆ ಕಟ್ಟಿಕೊಡುವಾಗ, "ಇದಕ್ಕಾದ್ರೂ ನೀರು ಸರಿಯಾಗಿ ಹಾಕಮ್ಮ," ಎಂದು ನಕ್ಕ. ನೀರಮ್ಮ ಬೇಳೆಯನ್ನು ಅಲ್ಲೇ ಬಿಟ್ಟು ಬಂದಳು. ಆ ದಿನ ಮನೆಯಲ್ಲಿ ಬರೀ ಅನ್ನ, ಉಪ್ಪು, ಈರುಳ್ಳಿ. ಪಟಾಕಿ ಶಾಲೆಯಲ್ಲಿ ಒಬ್ಬಳ ಜಡೆ ಹಿಡಿದು ಎಳೆದು ಬಂದಿದ್ದಳು, ಯಾಕೆಂದು ಕೇಳಿದರೆ ಹೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಎರಡನೆಯ ವಾರ ಗಂಡ ಒಂದು ಕಾಗದ ತಂದ. ಟೈಪು ಮಾಡಿದ್ದು, ಕೆಳಗೆ ಸಹಿಗೆ ಜಾಗ ಬಿಟ್ಟಿದ್ದು. ಸಂಜೆ ಚಹಾ ಕುಡಿಯುವ ಹೊತ್ತು, ಎಲ್ಲರೂ ಇದ್ದರು. ಅವನು ಅದನ್ನು ಹೆಂಡತಿಯ ಕೈಗೆ ಕೊಡದೆ ಸ್ಟೂಲಿನ ಮೇಲಿಟ್ಟ. ಪಟಾಕಿ ಎತ್ತಿಕೊಂಡು ಗಟ್ಟಿಯಾಗಿ ಓದಿಬಿಟ್ಟಳು.

"'ನಾನು ನನ್ನ ಕರ್ತವ್ಯದಲ್ಲಿ ನಿರ್ಲಕ್ಷ್ಯ ವಹಿಸಿ, ನಿಗದಿತ ಇಪ್ಪತ್ತೊಂದು ದಿನ ನೀರುಣಿಸದೆ...' ಅಮ್ಮ, ನಿರ್ಲಕ್ಷ್ಯ ಅಂದ್ರೆ?"

"ನಿಮ್ಮಪ್ಪನ್ನ ಕೇಳು."

"ವಿಚಾರಣೆಗೆ ಇಂಜಿನಿಯರ್ ಬರ್ತಿದಾರೆ," ಅಂದ ಗಂಡ. "ಅಷ್ಟರೊಳಗೆ ಈ ಕಾಗದ ಇದ್ರೆ ಎಲ್ಲಾ ಅಲ್ಲಿಗೇ ಮುಗಿಯುತ್ತೆ. ನಿನ್ನ ಆರು ತಿಂಗಳು ಮನೇಲಿ ಕೂರಿಸ್ತಾರೆ, ಆಮೇಲೆ ಮತ್ತೆ ಕರ್ಕೋತಾರೆ. ಮಾಲೀಕರು ಮಾತು ಕೊಟ್ಟಿದಾರೆ. ನನ್ನ ಕೆಲಸಕ್ಕೆ ಏನೂ ಆಗಲ್ಲ."

"ಮಾಡದೇ ಇರೋ ತಪ್ಪನ್ನ ಮಾಡಿದೀನಿ ಅಂತ ಬರ್ಕೊಡ್ಲಾ?"

"ಹೆಂಗಸು ಅಂದ್ರೆ ಬೈದು ಬಿಟ್ಬಿಡ್ತಾರೆ ಕಣೇ. ಅದೇ ಗಂಡಸಾದ್ರೆ ಕೇಸು, ಕೋರ್ಟು ಅಂತ ಎಳೀತಾರೆ."

ಕಟ್ಟಿಕೊಂಡವಳ ಮುಂದೆ ನಿಂತು, ಹೆತ್ತವರ ಎದುರು, ಮಗಳ ಎದುರು, ಈ ಮಾತನ್ನು ಅವನು ಉಪಾಯ ಹೇಳಿಕೊಡುವವನ ಧ್ವನಿಯಲ್ಲಿ ಹೇಳಿದ. ಅದಕ್ಕಿಂತ ನಾಚಿಕೆಗೇಡು ಅಂದರೆ, ಅತ್ತೆ ತಲೆ ಆಡಿಸಿದಳು.

"ಮನೆ ಉಳಿಯುತ್ತೆ ಅಂದ್ರೆ ಒಂದು ಗೆರೆ ಎಳೆದುಬಿಡೇ ತಾಯಿ. ನಾಲ್ಕು ದಿನ ಜನ ಮಾತಾಡ್ತಾರೆ, ಮರೀತಾರೆ."

"ನಿಮ್ಮ ಗೆಳತಿ ಮರೀತಾರಾ ಅತ್ತೆ? ದಿನಾ ಕಾಲು ನೋಡ್ಕೊಂಡಾಗ ಯಾರ ಹೆಸರು ಹೇಳ್ತಾರೆ? ಎಂಟು ವರ್ಷ. ಜ್ವರ ಬಂದಾಗ್ಲೂ ಹೋಗಿದೀನಿ. ಚಳೀಲಿ ಬೆರಳು ಬಿರಿದು ರಕ್ತ ಬಂದಾಗ್ಲೂ ಪೈಪ್ ಹಿಡಿದಿದೀನಿ. ನಂಗೆ ಬೇರೆ ಏನು ಆಸ್ತಿ ಇದೆ? ಇವಳು ತನ್ನ ಕೆಲಸ ಮಾಡ್ತಾಳೆ ಅನ್ನೋ ಒಂದು ಹೆಸರಿದೆ. ಅದನ್ನೂ ಕೊಟ್ಬಿಡ್ಲಾ?"

ಇಷ್ಟು ಹೊತ್ತು ಚಹಾದ ಲೋಟ ತಿರುಗಿಸುತ್ತಾ ಕೂತಿದ್ದ ಮೇಸ್ತ್ರಿ ಮಗನನ್ನು ಕೇಳಿದ:

"ಲೋ, ಶಾಲೆಗೆ ಹೋದ ರಾಶಿಗೆ ಎಷ್ಟು ದಿನ ಆಗಿತ್ತು?"

"ಇಪ್ಪತ್ತನಾಲ್ಕು. ಇಂಜಿನಿಯರ್ ಕಡೆ ಹುಡುಗ ಬಂದು, ತಾರೀಖಿನ ಇಟ್ಟಿಗೆ ಬೀಳಿಸಿ ನೋಡಿ, ಸರಿಯಿದೆ ಅಂತ ಒಪ್ಪಿದ್ದ."

"ಒಡೀಲಿಲ್ವಾ?"

"ಇಲ್ಲ."

"ನೀರು ಹಾಕದೇ ಇದ್ದಿದ್ರೆ ಅದು ಒಡೀಬೇಕಿತ್ತಲ್ಲೋ."

ಗಂಡ ಲೋಟ ಎತ್ತಿಕೊಂಡು ಹೊರಗೆ ಹೋದ. ಕಾಗದ ಸ್ಟೂಲಿನ ಮೇಲೇ ಉಳಿಯಿತು. ಮೂರು ದಿನ ಅದನ್ನು ಯಾರೂ ಮುಟ್ಟಲಿಲ್ಲ, ಸ್ಟೂಲಿನ ಮೇಲೆ ಯಾರೂ ಕೂರಲೂ ಇಲ್ಲ.

ಮೂರನೆಯ ವಾರ ಮೇಸ್ತ್ರಿ ಕೋಲೂರಿಕೊಂಡು ಶಾಲೆಗೆ ಹೊರಟ. ಕೈಚೀಲದಲ್ಲಿ ಗಾರೆ ಬಳಿಯುವ ಹಳೆಯ ಕರಣೆ. ಶಾಲೆ ಬಿಡುವ ಹೊತ್ತಿಗೆ ಹೋಗಿ ಮೊಮ್ಮಗಳನ್ನೂ ಜೊತೆಗೆ ಕರೆದುಕೊಂಡ. ಬಿದ್ದ ಗೋಡೆಯನ್ನು ಒಂದು ಮೂಲೆಗೆ ಗುಡ್ಡೆ ಹಾಕಿದ್ದರು. ಮುದುಕ ಮಂಡಿಯೂರಿ ಒಂದೊಂದೇ ಇಟ್ಟಿಗೆ ಎತ್ತಿ ನೋಡಿದ. ಹೆಬ್ಬೆರಳಿನಿಂದ ಒತ್ತಿದರೆ ಅಂಚು ಹಳೆಯ ರಸ್ಕಿನಂತೆ ಉದುರುತ್ತಿತ್ತು. ಕರಣೆಯಿಂದ ತಟ್ಟಿದರೆ ಮಣ್ಣಿನ ಹೆಂಟೆಯನ್ನು ತಟ್ಟಿದ ಸದ್ದು.

"ತಾತ, ಇಲ್ಲೊಂದರಲ್ಲಿ ಬರ್ದಿದೆ!"

ಗಾರೆ ಮೆತ್ತಿಕೊಂಡಿದ್ದರೂ ಅದು ಇಡಿಯಾಗಿತ್ತು. ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟಿದ. ಟಣ್ ಎಂದಿತು. ಇನ್ನೊಮ್ಮೆ ತಟ್ಟಿದ. ಪಟಾಕಿ ಉಗುರಿನಿಂದ ಗಾರೆ ಕೆರೆದು ತಾರೀಖು ಓದಿದಳು. ಏಳರ ಬಾಲಕ್ಕೆ ಒಂದು ಸಣ್ಣ ಕೊಕ್ಕೆಯಿತ್ತು. ಮಗನಿಗೆ ಸ್ಲೇಟಿನ ಮೇಲೆ ಅಂಕಿ ತಿದ್ದಿಸುವಾಗ ಎಷ್ಟು ಬೈದರೂ ಹೋಗದ ಕೊಕ್ಕೆ ಅದು. ಮುದುಕ ಅಲ್ಲೇ ಕೂತುಬಿಟ್ಟ.

"ಯಾಕೆ ತಾತ? ಮಂಡಿ ನೋವಾ?"

"ಹೂಂ ಮರಿ, ಮಂಡೀನೇ," ಅಂದ ಮುದುಕ. ತಾರೀಖಿನದೊಂದು, ಉದುರುವುದೊಂದು, ಎರಡನ್ನೂ ಚೀಲಕ್ಕೆ ಹಾಕಿಕೊಂಡ.

ಸಂಜೆ ಊಟಕ್ಕೆ ಕೂತಾಗ ಎರಡು ಇಟ್ಟಿಗೆಯನ್ನೂ ತಟ್ಟೆಗಳ ನಡುವೆ ಇಟ್ಟ.

"ಇವೆರಡೂ ಒಂದೇ ರಾಶಿ ಅಂತೀಯ. ಒಂದೇ ದಿನ ಒತ್ತಿದ್ದು, ಒಂದೇ ಪೈಪಿನ ನೀರು ಕುಡಿದಿದ್ದು. ಇವಳು ನೀರು ಹಾಕಿಲ್ಲ ಅಂದ್ರೆ ಎರಡೂ ಪುಡಿ ಆಗ್ಬೇಕು. ಹಾಕಿದಾಳೆ ಅಂದ್ರೆ ಎರಡೂ ಗಟ್ಟಿ ಇರ್ಬೇಕು. ಇದೊಂದು ಮಾತ್ರ ಗಟ್ಟಿ ಹೇಗೋ?"

ಗಂಡ ತುತ್ತನ್ನು ತಟ್ಟೆಗೇ ಇಟ್ಟ.

"ಇದು ಬೇರೆ ರಾಶೀದು. ಇದನ್ನ ಎತ್ತಿ ಅಲ್ಲಿಟ್ಟೋರು ಯಾರು? ಬರೆದೋನು ಯಾರು ಅಂತ ನಾನು ಕೇಳ್ತಿಲ್ಲ. ಅದು ನಂಗೆ ಗೊತ್ತಿದೆ."

"ಶಾಲೆ ತೆರೆಯೋದರೊಳಗೆ ಮುಗೀಬೇಕು ಅಂತ ಲಾರಿ ಬಂದು ನಿಂತಿತ್ತು ಅಪ್ಪ," ಅಂದ ಅವನು, ತಟ್ಟೆ ನೋಡಿಕೊಂಡೇ. "ಬಲಿತ ರಾಶಿ ಎಲ್ಲಾ ದೊಡ್ಡ ಬಿಲ್ಡರಿಗೆ ಹೋಗ್ಬಿಟ್ಟಿತ್ತು, ಅದರ ತಾರೀಖಿನ ಇಟ್ಟಿಗೆ ಒಂದು ಮಾತ್ರ ಉಳಿದಿತ್ತು. ಮಾಲೀಕರು, ಯಾವುದಾದ್ರೂ ಸರಿ ತುಂಬು, ಅವರು ನೋಡೋದು ತಾರೀಖಿನ ಇಟ್ಟಿಗೆ ಒಂದನ್ನೇ ತಾನೆ, ಬದಲಾಯಿಸು ಅಂದ್ರು."

"ಎಷ್ಟು ದಿನದ್ದು ತುಂಬಿದ್ರಿ?" ಕೇಳಿದ್ದು ನೀರಮ್ಮ.

"ಒಂಬತ್ತು."

"ಬೇಲಿ ಪಕ್ಕದ ಆರನೇ ರಾಶಿ." ಅವಳು ಗಂಡನ ಕಡೆ ತಿರುಗಿ ಕೂತಳು. "ಮಧ್ಯಾಹ್ನದ ನೀರು ಹಾಕಕ್ಕೆ ಹೋದ್ರೆ ಜಾಗ ಖಾಲಿ ಇತ್ತು. ಏನಾಯ್ತು ಅಂತ ನಿಮ್ಮನ್ನೇ ಕೇಳ್ದೆ. ಮೂಲೆ ಮುರಿದಿದ್ವು, ಹಳ್ಳ ತುಂಬಕ್ಕೆ ಹಾಕಿದ್ವಿ ಅಂದ್ರಿ. ಛೇ, ಒಂಬತ್ತು ದಿನದ ನೀರು ದಂಡ ಆಯ್ತಲ್ಲ ಅಂತ ನಾನೇ ಪೇಚಾಡಿದೆ. ಇಷ್ಟೆಲ್ಲ ಗೊತ್ತಿದ್ದೂ ಆ ಕಾಗದ ತಂದು ನನ್ನ ಮುಂದೆ ಇಟ್ರಲ್ಲ!"

"ಹೇಳಿದ್ರೆ ನಾನು ಒಳಗೆ ಹೋಗ್ತಿದ್ದೆ!"

"ಅದಕ್ಕೆ ನನ್ನ ತಳ್ಳಿದ್ರಾ?"

ಪಟಾಕಿ ಈ ಸಲ ಸಿಡಿಯಲಿಲ್ಲ. ಮೆಲ್ಲಗೆ ಕೇಳಿದಳು: "ಅಪ್ಪ, ನಮ್ಮ ಕ್ಲಾಸಿನೋರು ಊಟಕ್ಕೆ ಕೂರ್ಬೇಕಿದ್ದಿದ್ದು ಆ ಗೋಡೆ ಪಕ್ಕಾನೇ. ನಿಂಗೆ ಗೊತ್ತಿತ್ತಾ?"

ಅವನು ಎದ್ದು ಕೈ ತೊಳೆಯಲು ಹೋದ. ಅವನ ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಮರುದಿನ ಬೆಳಗ್ಗೆ ಅತ್ತೆ ಗಂಜಿಯ ಪಾತ್ರೆಯನ್ನು ಮಗನ ಕೈಗೆ ಕೊಟ್ಟು, "ಇವತ್ತು ನೀನೇ ತಗೊಂಡು ಹೋಗೋ. ಅವಳ ಕಾಲು ನೋಡ್ಕೊಂಡು ಬಾ," ಅಂದಳು. ಅವನು ಪಾತ್ರೆಯನ್ನು ಬಾಗಿಲಲ್ಲಿಟ್ಟು ಕೆಲಸಕ್ಕೆ ಹೋದ. ಅತ್ತೆ ಅದನ್ನೆತ್ತಿಕೊಂಡು ತಾನೇ ನಡೆದಳು. ದಾರಿಯಲ್ಲಿ ಒಂದೆಡೆ ನಿಂತು ಅತ್ತಳೆಂದು ನೆರೆಯವಳು ಬಂದು ಹೇಳಿದಳು.

ವಿಚಾರಣೆಯ ದಿನ ಇಂಜಿನಿಯರ್ ಮೇಡಂ ಬಂದರು. ಬೂಟು ಹಾಕಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೇ ಬಂದಿದ್ದರು. ಮಾ‍ಲೀಕ ಕುರ್ಚಿ ಹಾಕಿಸಿದ, ತಂಪು ಪಾನೀಯ ತರಿಸಿದ. ಅವರು ಎರಡನ್ನೂ ಮುಟ್ಟಲಿಲ್ಲ.

"ಹೇಳಿಕೆ ಎಲ್ಲಿ?" ಎಂದು ಮಾಲೀಕ ಸೂಪರ್‌ವೈಸರನ ಕಿವಿಯಲ್ಲಿ ಕೇಳಿದ್ದು ಎಲ್ಲರಿಗೂ ಕೇಳಿಸಿತು.

"ಸಹಿ ಹಾಕಿಲ್ಲ," ಅಂದಳು ನೀರಮ್ಮ. "ಹಾಕೋದೂ ಇಲ್ಲ."

ಮಾಲೀಕ ತಕ್ಷಣ ದಾರಿ ಬದಲಿಸಿದ. "ನೋಡಿ ಮೇಡಂ, ಪಾಪ, ಇವಳನ್ನೂ ಪೂರ್ತಿ ದೂರೋ ಹಾಗಿಲ್ಲ. ಈಚೆಗೆ ಸ್ಥಾವರದಿಂದ ಬರೋ ಬೂದಿನೇ ಸರಿಯಿಲ್ಲ. ಎಷ್ಟಾದ್ರೂ ಕಸ ತಾನೆ? ಕಸದಿಂದ ಇನ್ನೇನು ಬರುತ್ತೆ?"

ತನ್ನ ಮೇಲೆ ಗೂಬೆ ಕೂರಿಸಿದಾಗ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ನೀರಮ್ಮನಿಗೆ ಈಗ ಬಂತು.

"ಬೂದಿಗೆ ಬೈಬೇಡಿ ಸ್ವಾಮಿ. ಅದನ್ನೇ ಮಾರಿ ಕಾರು ತಗೊಂಡಿದೀರಿ. ಬೂದಿ ಕೇಳೋದು ನೀರು ಮತ್ತೆ ದಿನ, ಎರಡೇ. ನೀರು ನಾನು ಕೊಟ್ಟೆ. ದಿನ ನೀವು ಕೊಡ್ಲಿಲ್ಲ."

ಮೇಡಂ ತಲೆಯೆತ್ತಿ ಅವಳನ್ನು ನೋಡಿದರು. "ನೀರು ಕೊಟ್ಟಿದೀರಿ ಅಂತ ನಾನು ಹೇಗೆ ನಂಬ್ಲಿ?"

"ಯಾವ ರಾಶಿಯಿಂದ ಬೇಕಾದ್ರೂ ತನ್ನಿ. ತಾರೀಖಿಂದು ಬೇಡ, ಒಳಗಡೇದು ತನ್ನಿ. ನಾನು ಬೆನ್ನು ಹಾಕಿ ನಿಂತು, ಬರೀ ಸದ್ದು ಕೇಳಿ ಎಷ್ಟು ದಿನದ್ದು ಅಂತ ಹೇಳ್ತೀನಿ."

ಮೇಡಂ ತಾವೇ ಹೋಗಿ ರಾಶಿಗಳ ಹೊಟ್ಟೆಯೊಳಗಿನಿಂದ ಒಂದೊಂದು ಇಟ್ಟಿಗೆ ಎಳೆಸಿ ತಂದರು. ಒಂದನ್ನು ಸುತ್ತಿಗೆಯಿಂದ ತಟ್ಟಿದರು. "ಹನ್ನೊಂದು ದಿನ," ಅಂದಳು ನೀರಮ್ಮ, ಹಿಂದೆ ತಿರುಗದೆ. ಇನ್ನೊಂದನ್ನು ತಟ್ಟಿದರು. "ಇದಾಗಿದೆ. ಇಪ್ಪತ್ತೆರಡೋ ಇಪ್ಪತ್ತಮೂರೋ." ಮೂರನೆಯದು. "ಆರು. ಅದನ್ನ ಬೀಳಿಸ್ಬೇಡಿ ಮೇಡಂ, ಪಾಪ, ಇನ್ನೂ ಕೂಸು." ಮೇಡಂ ಜೊತೆಗೆ ಬಂದಿದ್ದ ಗುಮಾಸ್ತ ತಾರೀಖು ನೋಡಿ ತಲೆ ಆಡಿಸಿದ. ಮೂರೂ ಸರಿಯಿತ್ತು. ಇಟ್ಟಿಗೆ ಒತ್ತುವ ಹುಡುಗರು ಯಂತ್ರ ನಿಲ್ಲಿಸಿ ನೋಡುತ್ತಿದ್ದರು.

ಆಗ ಮೇಸ್ತ್ರಿ ಚೀಲದಿಂದ ತನ್ನ ಎರಡು ಇಟ್ಟಿಗೆ ತೆಗೆದಿಟ್ಟು, ಮನೆಯಲ್ಲಿ ಕೇಳಿದ್ದ ಪ್ರಶ್ನೆಯನ್ನೇ ಅಲ್ಲೂ ಕೇಳಿದ. ಮೇಡಂ ಎರಡನ್ನೂ ತಟ್ಟಿ ನೋಡಿದರು. ಆಮೇಲೆ ಸೂಪರ್‌ವೈಸರನ ಕಡೆ ತಿರುಗಿದರು.

"ಈ ಬರಹ ಯಾರದು?"

ಅವನು ಮಾಲೀಕನ ಮುಖ ನೋಡಿದ. "ಗೊತ್ತಿಲ್ಲ ಮೇಡಂ."

"ನನ್ನ ಮಗನದ್ದು."

ಯಾರೂ ಕರೆಯದೆ ಬಂದು ಗೇಟಿನ ಹತ್ತಿರ ನಿಂತಿದ್ದ ಅತ್ತೆಯ ದನಿ ಅದು. ಕೈಯಲ್ಲಿ ಗಂಜಿಯ ಖಾಲಿ ಪಾತ್ರೆ ಇತ್ತು. "ನನ್ನ ಮಗನದ್ದೇ ಬರಹ. ಇಟ್ಟಿಗೆ ಬದಲಾಯಿಸಿದ್ದೂ ಅವನೇ. ನನ್ನ ಸೊಸೇದು ಏನೂ ತಪ್ಪಿಲ್ಲ. ಒಂದು ತಿಂಗಳಿಂದ ಆ ಹೆಂಗಸು ಇವಳಿಗೆ ಶಾಪ ಹಾಕೋದನ್ನ ನಾನು ಕಿವಿಯಾರೆ ಕೇಳ್ತಿದೀನಿ. ಇನ್ನು ನನ್ನ ಕೈಲಾಗಲ್ಲ."

ಮಾಲೀಕ ಹಾರಿ ಬಿದ್ದ. "ನೋಡಿದ್ರಾ ಮೇಡಂ? ನನ್ನ ಕಣ್ಣಿಗೇ ಮಣ್ಣೆರಚಿದಾನೆ! ಈಗಿಂದೀಗ ಇವನನ್ನ ಕೆಲಸದಿಂದ ತೆಗೆದಿದೀನಿ."

ಯಾರಿಗಾಗಿ ಹೆಂಡತಿಯ ಹೆಸರನ್ನು ಬಲಿ ಕೊಡಲು ಹೊರಟಿದ್ದನೋ ಆ ಮನುಷ್ಯ ಅವನನ್ನು ಕೈಬಿಡಲು ಅರೆ ನಿಮಿಷವೂ ತೆಗೆದುಕೊಳ್ಳಲಿಲ್ಲ. ಆಗ ಗಂಡ ಬಾಯಿಬಿಟ್ಟ. ಲಾರಿ ಬಂದದ್ದು, ಮಾಲೀಕ ಹೇಳಿದ್ದು, ಇಟ್ಟಿಗೆ ಎತ್ತಿಟ್ಟದ್ದು ಎಲ್ಲವನ್ನೂ ಹೇಳಿದ. ಅಲ್ಲಿ ಇದ್ದವರು ಇನ್ನಾರು ಎಂದು ಮೇಡಂ ಕೇಳಿದರು. ಯಾರೂ ಇರಲಿಲ್ಲ. ಮಾಲೀಕ ಮೀಸೆಯಲ್ಲೇ ನಕ್ಕ. ಮೇಡಂ ಇಬ್ಬರ ಮಾತನ್ನೂ ಬರೆದುಕೊಂಡು ಹೋದರು.

ನೀರಮ್ಮನ ತಪ್ಪಿಲ್ಲವೆಂದು ಎರಡು ವಾರದ ಮೇಲೆ ಕಾಗದ ಬಂತು. ಸೂಪರ್‌ವೈಸರನ ಮೇಲೆ ಕೇಸು. ಮಾಲೀಕನಿಗೆ ಎಚ್ಚರಿಕೆ, ಸ್ವಂತ ಖರ್ಚಿನಲ್ಲಿ ಗೋಡೆ ಕಟ್ಟಿಸಿಕೊಡಬೇಕೆಂಬ ಆದೇಶ. ಎಚ್ಚರಿಕೆ! ಮೂರು ಬೆರಳಿಗೆ ಒಂದು ಎಚ್ಚರಿಕೆ. ಅವನು ಅದೇ ಕಾರಿನಲ್ಲಿ ಅದೇ ಅಂಗಳಕ್ಕೆ ಈಗಲೂ ಬರುತ್ತಾನೆ, ಇದನ್ನು ಹೇಳುವಾಗಲೂ ಹಲ್ಲು ಕಡಿಯುವಂತಾಗುತ್ತದೆ. ಒಂದು ಮಾತ್ರ ಬದಲಾಯಿತು. ಇನ್ನು ಮುಂದೆ ರಾಶಿಯ ಒಳಗಿನ ಇಟ್ಟಿಗೆ ತೆಗೆದು ಒಡೆದು ನೋಡಬೇಕು, ನೀರು ಹಾಕಿದವಳು ಒಪ್ಪಿ ಸಹಿ ಮಾಡದೆ ಲಾರಿ ಹೊರಡಬಾರದು ಎಂದು ಮೇಡಂ ಬರೆದಿದ್ದರು. ಹಾಗಾಗಿ ನೀರಮ್ಮನನ್ನು ತೆಗೆಯಲು ಮಾಲೀಕನಿಗೆ ಆಗಲಿಲ್ಲ.

ಗಂಡ ಮನೆಯಲ್ಲಿ ಕೂತ. ಪಾತ್ರೆ ತೊಳೆದ, ನಲ್ಲಿ ನೀರು ಹಿಡಿದ. ನೀರಮ್ಮ ಅವನಿಗೆ ಬಡಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಅತ್ತೆಯ ಕೈಯಿಂದ ಗಂಜಿಯ ಪಾತ್ರೆ ತೆಗೆದುಕೊಂಡು, "ಏಳ್ರೀ. ಚಪ್ಪಲಿ ಹಾಕ್ಕೊಳ್ಳಿ," ಅಂದಳು. ಅವನು ಎಲ್ಲಿಗೆಂದು ಕೇಳಲಿಲ್ಲ.

ಅಡಿಗೆಯಕ್ಕ ಮಂಚದ ಮೇಲೆ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಅವನು ನಿಂತುಕೊಂಡೇ ಎಲ್ಲ ಹೇಳಿದ. ಮುಗಿದ ಮೇಲೆ ಅವಳು ಅವನನ್ನು ಬಿಟ್ಟು ನೀರಮ್ಮನ ಕಡೆ ತಿರುಗಿದಳು.

"ನಿಂಗೆ ಬಾಯಿಗೆ ಬಂದ ಹಾಗೆ ಬೈದೆ."

"ಗೊತ್ತಕ್ಕ."

"ಗಂಜಿ ನೀನೇ ಮಾಡ್ತಿದ್ದೆ ಅಂತಾನೂ ಗೊತ್ತಿತ್ತು ನಂಗೆ. ನಿಮ್ಮತ್ತೆ ಗಂಜಿಗೆ ಇಷ್ಟು ಹದ ಎಲ್ಲಿಂದ ಬರ್ಬೇಕು? ಹಸಿವಾಗ್ತಿತ್ತು, ಕುಡಿದೆ." ಪಾತ್ರೆಯ ಮುಚ್ಚಳ ತೆಗೆದು ಒಂದು ಗುಟುಕು ಕುಡಿದಳು. "ಗೋಡೆ ಮತ್ತೆ ಬೂದಿ ಇಟ್ಟಿಗೇಲೇ ಕಟ್ತಾರಂತೆ?"

"ಹೂಂ. ಹದಿಮೂರು ದಿನ ಆಗಿದೆ ನೀರು ಹಾಕಕ್ಕೆ ಶುರು ಮಾಡಿ."

"ಮಕ್ಕಳು ಬಿಸಿಲಲ್ಲಿ ಕೂತು ಉಣ್ತಿದಾವೆ ಕಣೇ. ಹೆಡ್‌ಮಾಸ್ಟರು ಬಂದಿದ್ರು. ಮಾಲೀಕ ಇವತ್ತೇ ಲಾರಿ ಕಳಿಸ್ತೀನಿ ಅಂತಾನೆ, ಆ ನೀರಮ್ಮ ಸಹಿ ಹಾಕ್ತಿಲ್ಲ, ನೀವಾದ್ರೂ ಹೇಳಿ ಅಂದ್ರು."

"ನೀವೇನಂತೀರಿ?"

"ನಾನು ಕೇಳ್ತಿರೋದು ನಿನ್ನ. ಇನ್ನೂ ಎಂಟು ದಿನ ಬಿಸಿಲಲ್ಲೇ ಕೂರ್ಲಿ ಅಂತೀಯ?"

"ಕೂರ್ಲಿ."

ಅಡಿಗೆಯಕ್ಕ ಬಾಗಿಲ ಹತ್ತಿರ ನಿಂತಿದ್ದವನನ್ನು ಮೊದಲ ಸಲ ನೇರವಾಗಿ ನೋಡಿದಳು.

"ಕೇಳಿಸ್ತೇನಪ್ಪ? ಇದೊಂದು ಮಾತು. ಅವತ್ತು ಲಾರಿ ಬಂದು ನಿಂತಾಗ ನಿನ್ನ ಬಾಯಲ್ಲಿ ಇದೊಂದು ಮಾತು ಬರ್ಲಿಲ್ವಲ್ಲ."